ಸಂಪಿಗೆಯೂ ಸೀಸೆಯ ಸುಂದರಿಯೂ

ಕಾವ್ಯವನ್ನು ವಿಮರ್ಶಿಸುವವರುಂಟು, ನಾಟಕವನ್ನು ವಿಮರ್ಶಿಸುವವರುಂಟು. ಪರಿಮಳವನ್ನು ವಿಮರ್ಶಿಸುವವರು ನಮ್ಮಲ್ಲಿ ವಿರಳ. ಆದರೆ ಸೀಸೆಯಲ್ಲಿ ತುಂಬಿ ಮಾರುವ ಸೆಂಟು ಈಗ ಬರಿಯ ವಾಸನೆಯಾಗಿ ಉಳಿದಿಲ್ಲ. ಅದನ್ನು ಹಚ್ಚಿಕೊಳ್ಳುವ ಹೆಣ್ಣು ಎಂಥವಳು, ಹೇಗೆ ನಡೆಯುತ್ತಾಳೆ, ಯಾರನ್ನು ತಿರುಗಿ ನೋಡುತ್ತಾಳೆ ಎಂಬುದೆಲ್ಲವೂ ಸೀಸೆಯ ಜೊತೆಗೇ ಬರುತ್ತದೆ. ಪಾತ್ರಚಿತ್ರಣವೆಂದ ಮೇಲೆ ಅದು ವಿಮರ್ಶೆಯ ಪರಿಧಿಯೊಳಕ್ಕೆ ಬಂದಂತೆಯೇ ಸರಿ.

ನಾವಿಲ್ಲಿ ಎತ್ತಿಕೊಂಡಿರುವ ಕೃತಿ ಫ್ರಾನ್ಸಿನ ಡಿಯೋರ್ ಸಂಸ್ಥೆ 1999ರಲ್ಲಿ ಹೊರತಂದ ‘ಜಾದೋರ್’. ಕರ್ತೃ ಕಲೀಸ್ ಬೆಕರ್ ಎಂಬಾಕೆ. ಹೂವಿಗೆ ಹಣ್ಣನ್ನು ಬೆರೆಸಿದ ಜಾತಿಯ ಪರಿಮಳ ಇದು. ಇದರ ಹೂಗಳ ಸಾಲಿನಲ್ಲಿ ಗುಲಾಬಿ, ಮಲ್ಲಿಗೆಗಳ ಜೊತೆಗೆ ನಮ್ಮ ಸಂಪಿಗೆಯ ಹೆಸರೂ ಇದೆ. ಕನ್ನಡ ಪತ್ರಿಕೆಯಲ್ಲಿ ಈ ಮಾತನ್ನೆತ್ತಲು ಅದೇ ನಮಗೆ ದೊರೆತ ಸಲಿಗೆ.

ಪಶ್ಚಿಮದ ಸುಗಂಧಕಲೆಗೆ ಹಣ್ಣು ಸುಲಭವಾಗಿ ದಕ್ಕಿದ್ದಲ್ಲ. ಕಿತ್ತಳೆ, ನಿಂಬೆಗಳ ಸಿಪ್ಪೆಯಿಂದ ಎಣ್ಣೆ ಹಿಂಡಬಹುದು. ಪೀಚ್ ಹಣ್ಣನ್ನು ಎಷ್ಟು ಹಿಂಡಿದರೂ ಬರುವುದು ರಸವೇ ಹೊರತು ಅತ್ತರಲ್ಲ. ಅದನ್ನು ರಸಾಯನಶಾಲೆಯಲ್ಲಿ ಕಟ್ಟಬೇಕಾಯಿತು. ಹಾಗೆ ಕಟ್ಟಿದ ಪೀಚಿನ ಕಂಪನ್ನು 1919ರಲ್ಲಿ ಜಾಕ್ ಗೆರ್ಲೆನ್ ತನ್ನ ‘ಮಿತ್ಸುಕೊ’ದಲ್ಲಿ ಬಳಸಿದ. ಆ ಹೆಸರು ಕ್ಲೋದ್ ಫಾರೇರ್ ಬರೆದ ಕಾದಂಬರಿಯೊಂದರ ನಾಯಿಕೆಯದು. ಜಪಾನಿನ ನೌಕಾಧಿಕಾರಿಯ ಹೆಂಡತಿ, ಪರದೇಶದವನೊಬ್ಬನಿಗೆ ಮನಸೋತವಳು. ಹಣ್ಣಿನ ಮಾಧುರ್ಯಕ್ಕೆ ಅಲ್ಲೊಂದು ದುಗುಡದ ನೆರಳಿತ್ತು. ‘ಜಾದೋರ್’ಗೆ ಬರುವಷ್ಟರಲ್ಲಿ ಕಾದಂಬರಿ ಹೋಯಿತು, ಜಾಹೀರಾತು ಬಂತು. 2011ರ ಜಾಹೀರಾತಿನ ಚಿತ್ರದಲ್ಲಿ ನಟಿ ಶಾರ್ಲೀಜ಼್ ಥೆರಾನ್ ಚಿನ್ನದ ಉಡುಪು ತೊಟ್ಟು ವರ್ಸೇಲ್ಸ್ ಅರಮನೆಯ ಕನ್ನಡಿಗಳ ಮೊಗಸಾಲೆಯಲ್ಲಿ ನಡೆದು ಬರುತ್ತಾಳೆ. ಕಥೆಯೇನೂ ಇಲ್ಲ, ನಡಿಗೆಯೇ ಎಲ್ಲ. ‘ಜಾದೋರ್’ ಎಂದರೆ ‘ನಾನು ಆರಾಧಿಸುತ್ತೇನೆ’ ಎಂದರ್ಥ. ಹಾಗೆನ್ನುವ ‘ನಾನು’ ಯಾರು, ಆಕೆಯೋ, ಆಕೆಯನ್ನು ನೋಡುವವರೋ? ಹೆಸರಿಟ್ಟವರು ಇದನ್ನು ಬಿಡಿಸಿ ಹೇಳಿಲ್ಲ. ವ್ಯಾಪಾರಕ್ಕೆ ಎರಡೂ ಅನುಕೂಲವೆ.

ಇನ್ನು ಸಂಪಿಗೆ. ಇದಕ್ಕೆ ಹಣ್ಣನ್ನು ಹೊರಗಿನಿಂದ ತಂದು ಬೆರೆಸಬೇಕಾಗಿಲ್ಲ, ಹೂವಿನೊಳಗೇ ಇದೆ. ಕೆಲವು ಜಾತಿಯ ದ್ರಾಕ್ಷಿಗೆ ಕಂಪು ಕೊಡುವ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು ಸಂಪಿಗೆಯಲ್ಲಿಯೂ ಉಂಟು. ಜೊತೆಗೆ ಇಂಡೋಲ್ ಎಂಬ ಇನ್ನೊಂದು ಉಂಟು: ಹಿತವಾಗಿದ್ದಾಗ ಹೂವು, ಮಿತಿಮೀರಿದರೆ ದುರ್ಗಂಧ. ಮುಚ್ಚಿದ ಕೋಣೆಯಲ್ಲಿ ನಾಲ್ಕು ಸಂಪಿಗೆಯಿಟ್ಟು ಮಲಗಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಅದು ತಲೆಗೇರುತ್ತದೆ, ಬಾಡುತ್ತಾ ಬಂದ ಹಾಗೆ ಕಳಿತ ಹಣ್ಣಿನ ವಾಸನೆ ಬೀರುತ್ತದೆ. ಒಳ್ಳೆಯ ನಡತೆಯ ಹೂವಲ್ಲ.

ನಮ್ಮ ಕವಿಗಳು ಈ ಗುಣವನ್ನು ಅರಿತಿದ್ದರು. ಕವಿಸಮಯದ ಪ್ರಕಾರ ದುಂಬಿ ಎಲ್ಲ ಹೂವಿಗೂ ಎರಗುತ್ತದೆ, ಸಂಪಿಗೆಯ ಬಳಿಗೆ ಮಾತ್ರ ಸುಳಿಯುವುದಿಲ್ಲ. (ಸಂಪಿಗೆ ಸೇರಿರುವ ಮ್ಯಾಗ್ನೋಲಿಯ ಕುಲಕ್ಕೆ ಪರಾಗ ಮುಟ್ಟಿಸುವುದು ಹೆಚ್ಚಾಗಿ ಜೀರುಂಡೆಗಳೆಂದು ಸಸ್ಯಶಾಸ್ತ್ರಜ್ಞರ ಮಾತು. ಕವಿಗಳ ಕಲ್ಪನೆ ತೀರ ಕಲ್ಪನೆಯಲ್ಲ!) ಇನ್ನೊಂದು ಸಮಯವೂ ಇದೆ: ಅಶೋಕ ಅರಳಬೇಕಾದರೆ ಹೆಣ್ಣಿನ ಕಾಲು ಸೋಕಬೇಕು, ಸಂಪಿಗೆ ಅರಳಬೇಕಾದರೆ ಹೆಣ್ಣು ನಗಬೇಕು. ಇವೆರಡನ್ನೂ ಕೂಡಿಸಿ ನೋಡಿ. ಮುತ್ತುವವರನ್ನು ದೂರವಿರಿಸಿ ತನ್ನ ಪಾಡಿಗೆ ನಗುವ ಹೆಣ್ಣು! ಸಂಪಿಗೆಯ ವ್ಯಕ್ತಿತ್ವ ಇದು.

ಗುಬ್ಬಿ, ಹಾಗಲವಾಡಿಗಳ ಕಡೆಯವರಿಗೆ ಸಂಪಿಗೆಯೆಂದರೆ ಒಂದು ಊರೂ ಹೌದು. ತುರುವೇಕೆರೆಯ ಸೀಮೆಯ ಆ ಸಂಪಿಗೆಯೇ ಸುಧನ್ವನ ಚಂಪಕಪುರಿಯೆಂದು ಐತಿಹ್ಯ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಕೇಳಿದವರಿಗೆ ಪ್ರಭಾವತಿ ನೆನಪಿರಬೇಕು. ಕೃಷ್ಣಾರ್ಜುನರೆದುರು ಯುದ್ಧಕ್ಕೆ ಹೊರಟ ಗಂಡನನ್ನು ತಡೆದು ಸಂತಾನವನ್ನು ಬೇಡಿದವಳು ಅವಳು. ತಡವಾಗಿ ಬಂದವರಿಗೆ ಕಾದ ಎಣ್ಣೆಯ ಕೊಪ್ಪರಿಗೆಯೆಂದು ಮಾವ ಹಂಸಧ್ವಜನ ಆಜ್ಞೆ. ಆದರೂ ಅವಳು ಬಿಡಲಿಲ್ಲ. ವಾದಿಸಿದಳು, ಗೆದ್ದಳು. ಸುಧನ್ವ ಕೊಪ್ಪರಿಗೆಗೆ ಬಿದ್ದ, ಹರಿಸ್ಮರಣೆಯಿಂದ ಉಳಿದ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಹಾಕಿ ನೋಡಿದ ತೆಂಗಿನಕಾಯಿ ಸಿಡಿದು, ತೀರ್ಪು ಕೊಟ್ಟ ಶಂಖ ಲಿಖಿತರಿಗೇ ಬಡಿಯಿತೆಂದು ಜೈಮಿನಿಯ ಕಥೆ; ಈ ತೆಂಗಿನ ಸೀಮೆಯಲ್ಲಿ ಅದನ್ನು ಸಂತೋಷದಿಂದಲೇ ಕೇಳುತ್ತಾರೆ. ಚಂಪಕಪುರಿಯ ಹೆಣ್ಣನ್ನು ನಾವು ನೆನೆಯುವುದು ಅವಳ ನಡಿಗೆಗಲ್ಲ, ತನಗೇನು ಬೇಕೆಂದು ಬಾಯಿಬಿಟ್ಟು ಹೇಳಿದ್ದಕ್ಕೆ.

ಈಗ ಸೀಸೆಯ ಮುಚ್ಚಳ ತೆಗೆಯೋಣ. ‘ಜಾದೋರ್’ ಕುಶಲದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಹಣ್ಣು ಮೊದಲು ಹೊಳೆದು, ಹೂಗಳು ಒಂದರೊಳಗೊಂದು ಸೇರಿ, ಯಾವುದೂ ಬೇರೆಯಾಗಿ ತಲೆಯೆತ್ತದೆ ಬೆಳಕಿನಂತೆ ಹರಡುತ್ತವೆ. ನಮ್ಮ ಆಕ್ಷೇಪವೂ ಅದೇ. ಸಂಪಿಗೆಯ ಹೆಸರಿದೆ, ಚಿನ್ನದ ಬಣ್ಣವಿದೆ, ಆದರೆ ತಲೆಗೇರುವ ಆ ಗುಣವನ್ನು ನಮ್ಮ ಮೂಗು ಹುಡುಕಿ ಸೋತಿತು. ಇದು ಸೂಚಿಸುವ ಹೆಣ್ಣು ಚೆಲುವೆ, ಧೀರೆ, ಶ್ರೀಮಂತೆ, ಎಲ್ಲರಿಗೂ ಒಪ್ಪಿತಳು. ಅವಳಿಂದ ಯಾರಿಗೂ ತಲೆನೋವಿಲ್ಲ, ಯಾವ ಅರಸನ ಆಜ್ಞೆಗೂ ಭಂಗವಿಲ್ಲ. ಕನ್ನಡಿಗಳ ನಡುವೆ ಅಷ್ಟು ಗತ್ತಿನಿಂದ ನಡೆದವಳು ಮೊಗಸಾಲೆಯ ಕೊನೆಯಲ್ಲಿ ನಿಂತು ಏನನ್ನು ಕೇಳುತ್ತಾಳೆಂದು ಊಹಿಸಹೊರಟರೆ ಏನೂ ಹೊಳೆಯುವುದಿಲ್ಲ. ದುಂಬಿಗಳು ಮಾತ್ರ ಖಂಡಿತ ಬರುತ್ತವೆ. ಹಚ್ಚಿಕೊಂಡ ಕೆಲವು ಗಂಟೆಗಳಲ್ಲಿ ಪರಿಮಳ ಮೆತ್ತಗಾಗಿ ಚೊಕ್ಕಟವಾಗಿ ಕರಗಿಹೋಗುತ್ತದೆ. ಬೆಳಿಗ್ಗೆ ಮುಡಿದ ಸಂಪಿಗೆಯಾದರೋ ಸಂಜೆಗೆ ಕಂದುಬಣ್ಣಕ್ಕೆ ತಿರುಗಿ, ಜಡೆಯಿಂದ ತೆಗೆದಿಟ್ಟ ಮೇಲೂ ಮನೆಯಲ್ಲಿ ತನ್ನ ಮಾತನ್ನು ಮುಂದುವರಿಸುತ್ತಲೇ ಇರುತ್ತದೆ.