ಗಾಡಿ ನೆನಪಿದೆ, ಕೈಗಳು ನೆನಪಿಲ್ಲ

ಹಳೆಯ ಗಾಡಿಗಳ ಮಾತು ಬಂದರೆ ನಮ್ಮ ಕಡೆಯ ಹಿರಿಯರ ಮುಖ ಅರಳುತ್ತದೆ. ಶ್ರೀರಂಗಪಟ್ಟಣದ ಹೋಟೆಲಿರಲಿ, ಕೆ.ಆರ್. ಪೇಟೆಯ ಬಸ್ ನಿಲ್ದಾಣವಿರಲಿ, ಒಬ್ಬರು 'ಜಾವಾ' ಎಂದರೆ ಇನ್ನೊಬ್ಬರು 'ಯೆಜ್ಡಿ ರೋಡ್‌ಕಿಂಗ್' ಎನ್ನುತ್ತಾರೆ. ಮೂರನೆಯವರು ಕಬ್ಬು ಹೇರಿಕೊಂಡು ಏದುಸಿರು ಬಿಡುತ್ತ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದ 'ಬೆಂಜ್' ಲಾರಿಯನ್ನು ಮಾತಿಗೆ ಎಳೆದು ತರುತ್ತಾರೆ. ಕೊನೆಗೆ ಯಾರು ಎಷ್ಟು ನಿಮಿಷದಲ್ಲಿ ಮೈಸೂರು ಮುಟ್ಟಿದರು ಎಂಬಲ್ಲಿಗೆ ಬಂದು ಮಾತು ನಿಲ್ಲುತ್ತದೆ. ಈ ಸಂತೋಷವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ನಾವು ಏನನ್ನು ನೆನೆಯುತ್ತಿದ್ದೇವೆ, ಯಾರನ್ನು ಬಿಟ್ಟುಬಿಡುತ್ತಿದ್ದೇವೆ ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಕು.

ಈ ಅಭಿಮಾನಕ್ಕೆ ಕಾರಣವಿದೆ. ಜೆಕೊಸ್ಲೊವಾಕಿಯಾ ಮೂಲದ ಜಾವಾ ನಮಗೆ ಪರದೇಶಿ ಗಾಡಿ ಎನಿಸಲೇ ಇಲ್ಲ. ಇರಾನಿ ಕುಟುಂಬ ಮೈಸೂರಿನ ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿಯಾಯಿತು. ಗೇರ್ ಹಾಕುವ ಕಡ್ಡಿಯನ್ನೇ ಮೇಲೆತ್ತಿ ಕಿಕ್ ಹೊಡೆಯುವ ವಿದ್ಯೆ, ಪೆಟ್ರೋಲಿಗೆ ಅಳತೆಯಾಗಿ ಬೆರೆಸುವ ಆಯಿಲ್, ಎರಡು ಸೈಲೆನ್ಸರ್‌ಗಳ ಸದ್ದು, ಇವೆಲ್ಲ ಒಂದು ತಲೆಮಾರಿನ ಯೌವನದ ಗುರುತುಗಳು. ಜುಲೈ ತಿಂಗಳ ಎರಡನೆಯ ಭಾನುವಾರ ಅಭಿಮಾನಿಗಳು ಹಳೆಯ ಗಾಡಿಗಳನ್ನು ತೊಳೆದು ಹೊಳಪಿಸಿ ಒಟ್ಟಿಗೆ ಸವಾರಿ ಹೊರಡುವುದೂ ಇದೆ.

ಆದರೆ ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಕೆಲಸ ಕಳೆದುಕೊಂಡವರ ಮನೆಯ ಕಥೆ ಈ ಹರಟೆಗಳಲ್ಲಿ ಎಷ್ಟು ಸಲ ಬರುತ್ತದೆ? 2018ರಲ್ಲಿ ಜಾವಾ ಹೆಸರು ಮರಳಿ ಮಾರುಕಟ್ಟೆಗೆ ಬಂತು. ಆದರೆ ಹೊಸ ಗಾಡಿ ತಯಾರಾಗಿದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರಿಗೆ ಮರುಜನ್ಮ ಸಿಕ್ಕಿತು, ಯಾದವಗಿರಿಯ ಕೆಲಸಕ್ಕೆ ಸಿಗಲಿಲ್ಲ. ಇದು ನಮ್ಮ ಊರಿನದೊಂದೇ ಕಥೆಯಲ್ಲ. ಅಮೆರಿಕದಲ್ಲಿ ಅರವತ್ತರ ದಶಕದ 'ಮಸಲ್ ಕಾರು'ಗಳನ್ನು ಈಗಲೂ ಕಣ್ಣಿಗೊತ್ತಿಕೊಳ್ಳುವವರಿದ್ದಾರೆ. ಆ ಕಾರುಗಳ ತವರು ಎನಿಸಿದ್ದ ಡೆಟ್ರಾಯಿಟ್ ನಗರ 2013ರಲ್ಲಿ ದಿವಾಳಿ ಅರ್ಜಿ ಹಾಕಿತು. ಯಂತ್ರವನ್ನು ಪೂಜಿಸುತ್ತ ಯಂತ್ರ ಮಾಡಿದವರನ್ನು ಮರೆಯುವುದು ಎಲ್ಲ ಕಡೆಯೂ ಸುಲಭ.

ಗಾಡಿಯನ್ನು ಇಷ್ಟು ವರ್ಷ ಉಳಿಸಿದವರು ಯಾರು? ಬೆಳ್ಳೂರು ಕ್ರಾಸಿನಂಥ ಹೆದ್ದಾರಿ ಕೂಡುರಸ್ತೆಗಳಲ್ಲಿ, ನಾಗಮಂಗಲ, ಪಾಂಡವಪುರದ ರಸ್ತೆ ಬದಿಯ ಶೆಡ್ಡುಗಳಲ್ಲಿ ಗ್ರೀಸ್ ಹತ್ತಿದ ಬಟ್ಟೆ ತೊಟ್ಟು ದುಡಿದವರು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಉಸ್ತಾದರು, ಅವರ ಕೈಕೆಳಗೆ ಪಾನಾ ಹಿಡಿಯುವುದನ್ನು ಕಲಿತ ಹುಡುಗರು. ಅವರಲ್ಲಿ ಅನೇಕರು ಶಾಲೆ ಬಿಟ್ಟ ಮಕ್ಕಳು. ಮುಸ್ಲಿಮರು, ದಲಿತರು, ಒಕ್ಕಲಿಗರು ಒಂದೇ ಬೆಂಚಿನ ಮೇಲೆ ಕೂತು ಗಾಡಿ ರಿಪೇರಿಯಾಗುವವರೆಗೆ ಚಹಾ ಕುಡಿದ ಜಾಗಗಳು ಇವು. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಎದ್ದ ಗಲಭೆಯಲ್ಲಿ ಅಂಗಡಿಗಳೂ ವಾಹನಗಳೂ ಸುಟ್ಟವು. ಅಂಗಡಿ ಸುಟ್ಟರೆ ಸಾಮಾನಿನ ಜೊತೆಗೆ ಇಂಥ ಬೆಂಚೂ ಸುಡುತ್ತದೆ. ಹಳೆಯ ಕಾಲ ಎಷ್ಟು ಚೆನ್ನಾಗಿತ್ತು ಎನ್ನುವವರು ಆ ಬೆಂಚನ್ನು ನೆನೆಯದಿದ್ದರೆ ಅವರ ಹಂಬಲಕ್ಕೆ ಅರ್ಥವೇನು?

ಲಾರಿಯ ಕಥೆಯೂ ಹಾಗೆಯೇ. ಟಾಟಾ ಕಂಪನಿ 1954ರಿಂದ 1969ರವರೆಗೆ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ತಯಾರಿಸಿತು. ಒಪ್ಪಂದ ಮುಗಿದ ಮೇಲೂ ಜನರ ಬಾಯಲ್ಲಿ ಅದು 'ಬೆಂಜ್' ಆಗಿಯೇ ಉಳಿಯಿತು. ಅದರ ಗಟ್ಟಿತನವನ್ನು ಹೊಗಳುವವರು ಕಬ್ಬಿನ ಗದ್ದೆಯಲ್ಲಿ ಬಿಸಿಲಿಗೆ ಲೋಡು ಹೊತ್ತ ಕೂಲಿಗಳನ್ನು, ಕಾರ್ಖಾನೆಯ ಗೇಟಿನ ಮುಂದಿನ ಸಾಲಿನಲ್ಲಿ ಲಾರಿಯಡಿಯೇ ಮಲಗಿದ ಕ್ಲೀನರನ್ನು ಹೆಸರಿಸುವುದಿಲ್ಲ. ಅವರಿಗೆ ಆ ಲಾರಿ ನೆನಪಿನ ವಸ್ತುವಾಗಿರಲಿಲ್ಲ, ಬೆನ್ನುನೋವಾಗಿತ್ತು.

ಇನ್ನು ವೇಗ. ಈ ನೆಲಕ್ಕೆ ಪಂದ್ಯದ ಹುಚ್ಚು ಹೊಸತಲ್ಲ. ಜೋಡೆತ್ತಿನ ಗಾಡಿ ಓಟ ನೋಡಲು ಊರಿಗೆ ಊರೇ ಸೇರುತ್ತದೆ. ಬೈಕು ಬಂದ ಮೇಲೆ ಆ ಹುಚ್ಚು ರಸ್ತೆಗೆ ಇಳಿಯಿತು. ತಮ್ಮ ಕಾಲದ ರೇಸನ್ನು ಮೀಸೆ ತಿರುವಿ ಹೇಳುವವರೇ ಇವತ್ತು ವೀಲಿಂಗ್ ಮಾಡುವ ಹುಡುಗರನ್ನು ಕಂಡರೆ ಸಿಡುಕುತ್ತಾರೆ. ಹುಡುಗರು ಕಲಿತದ್ದು ಯಾರ ಬಾಯಿಂದ ಎಂದು ಕೇಳಿಕೊಳ್ಳುವುದಿಲ್ಲ. ನಾಲೆಗಳ ಈ ನಾಡಿನಲ್ಲಿ ರಸ್ತೆ ಎಂದರೆ ಸಾವೂ ನೆನಪಾಗಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಂಥ ಮನೆಗಳಲ್ಲಿ ಗಾಡಿಯ ಮಾತು ಬಂದರೆ ಯಾರ ಮುಖವೂ ಅರಳುವುದಿಲ್ಲ.

2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರಾಕ್ಟರುಗಳಿಗೆ ಪ್ರವೇಶ ನಿಂತಿತು. ಅಪಘಾತ ತಡೆಯಲು ಇದು ಬೇಕಿತ್ತು ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೂ ರಸ್ತೆಗೆ ಭೂಮಿ ಬಿಟ್ಟುಕೊಟ್ಟ ರೈತನ ಟ್ರಾಕ್ಟರು ಪಕ್ಕದ ಸರ್ವಿಸ್ ರಸ್ತೆಗೆ ಸರಿಯಿತು. ಹಳೆಯ ಜಾವಾದ ಗತಿಯೂ ಅದೇ ಆಯಿತು. ವೇಗವನ್ನು ಆರಾಧಿಸಿದವರನ್ನೇ ವೇಗ ಬದಿಗೆ ತಳ್ಳಿತು.

ಹಾಗಾದರೆ ಹಳೆಯ ಗಾಡಿಗಳಿಂದ ಕಲಿಯುವುದು ಏನೂ ಇಲ್ಲವೇ? ಇದೆ. ಕೆಟ್ಟದ್ದನ್ನು ಎಸೆಯದೆ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವ ತಾಳ್ಮೆ ಆ ಕಾಲದ ದೊಡ್ಡ ಗುಣ. ಈಗಿನ ಕೊಳ್ಳುಬಾಕ ದಿನಗಳಲ್ಲಿ ಅದು ಅಪರೂಪ. ಆದರೆ ಆ ತಾಳ್ಮೆ ಇದ್ದದ್ದು ಯಂತ್ರದಲ್ಲಲ್ಲ, ಮನುಷ್ಯರ ಕೈಗಳಲ್ಲಿ. ಆ ಉಸ್ತಾದರಲ್ಲಿ ಅನೇಕರು ಈಗ ಇಲ್ಲ, ಉಳಿದವರ ಕಣ್ಣು ಮಂಜಾಗಿದೆ. ಅವರ ವಿದ್ಯೆಯನ್ನು, ಕನ್ನಡ-ಉರ್ದು ಬೆರೆತ ಅವರ ಕಸುಬಿನ ಮಾತನ್ನು ಬರೆದಿಟ್ಟವರು ಎಷ್ಟು ಜನ? ಮುಂದಿನ ಜುಲೈಯಲ್ಲಿ ಗಾಡಿ ಹೊಳಪಿಸಿ ಹೊರಡುವವರು ದಾರಿಯಲ್ಲಿ ಒಂದು ಹಳೆಯ ಶೆಡ್ಡಿನ ಮುಂದೆ ಎಂಜಿನ್ ಆರಿಸಿ, ಒಳಗಿರುವ ಮುದುಕನ ಮಾತು ಕೇಳಲಿ. ಇಷ್ಟು ವರ್ಷ ಎಂಜಿನ್ನಿನ ಸದ್ದಿನಲ್ಲಿ ಆ ದನಿ ನಮಗೆ ಕೇಳಿಸಿಲ್ಲ.