ಮೊಳಕಾಲ್ಮೂರಿನ ವರ್ಕ್ ಫ್ರಂ ಹೋಮ್

2021ರ ಜನವರಿಯಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದ್ರೆ ಐಎಲ್‌ಒ, ಮನೆಯಿಂದ ದುಡಿಯುವವರ ಬಗ್ಗೆ ಒಂದು ದಪ್ಪ ವರದಿ ತಂತು. ಕೋವಿಡ್‌ಗೂ ಮುಂಚೆ, 2019ರಲ್ಲೇ, ಜಗತ್ತಿನಲ್ಲಿ ಸುಮಾರು 26 ಕೋಟಿ ಜನ ಮನೆಯಲ್ಲೇ ಕೆಲಸ ಮಾಡ್ತಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಅನ್ನೋದು ಅದರ ಲೆಕ್ಕ. ಲ್ಯಾಪ್‌ಟಾಪ್ ಮುಂದೆ ಕೂರುವ ನಮ್ಮಂಥವರನ್ನೂ ಮನೆಯಲ್ಲೇ ಸರಕು ತಯಾರಿಸುವ ಕೂಲಿಯವರನ್ನೂ ಆ ವರದಿ ಒಂದೇ ಪಟ್ಟಿಗೆ ಸೇರಿಸಿತ್ತು.

ಚಳ್ಳಕೆರೆ ಸೀಮೆಯ ಹಳ್ಳಿಯಲ್ಲಿ ಬೆಳೆದ ನನಗೆ ಆ ಪಟ್ಟಿ ಸರಿಯಾಗೇ ಇದೆ ಅನ್ನಿಸ್ತು. ನಾವು 2020ರಲ್ಲಿ ಕಲಿತ ವರ್ಕ್ ಫ್ರಂ ಹೋಮ್ ಪಕ್ಕದ ಮೊಳಕಾಲ್ಮೂರಿನಲ್ಲಿ ತಲೆಮಾರುಗಳಿಂದ ಇದೆ. ನಡುಮನೆಯಲ್ಲಿ ಗುಂಡಿ, ಗುಂಡಿಯೊಳಗೆ ಕಾಲು, ಎದುರಿಗೆ ಮಗ್ಗ. ಸ್ವಂತ ಬಂಡವಾಳ ಇಲ್ಲದ ನೇಕಾರರಿಗೆ ರೇಷ್ಮೆ, ಜರಿ ಸಾವ್ಕಾರರೇ ಕೊಡ್ತಾರೆ. ಅಂಚು ಹೇಗಿರಬೇಕು, ಬುಟ್ಟಾ ಎಷ್ಟು ಬೇಕು ಅಂತ ಅವರೇ ಹೇಳ್ತಾರೆ. ಸೀರೆ ಮುಗಿಸಿ ಕೊಟ್ಟರೆ ಕೂಲಿ. ಮನೆ, ಮಗ್ಗ, ಕರೆಂಟ್ ಬಿಲ್ಲು ನೇಕಾರರದ್ದು. ಮನೆಯ ಹೆಣ್ಣುಮಕ್ಕಳು ಕಂಡಿಕೆ ಸುತ್ತಿದ್ದು ಯಾವ ಲೆಕ್ಕಕ್ಕೂ ಇಲ್ಲ. ಮಳೆಗಾಲದಲ್ಲಿ ಗುಂಡಿಗೆ ನೀರು ಜಿನುಗಿದರೆ ಮಗ್ಗ ನಿಂತಿತು, ಕೂಲಿಯೂ ನಿಂತಿತು.

ಇಂಥವರಿಗಾಗಿಯೇ ಐಎಲ್‌ಒ 1996ರಲ್ಲಿ 177ನೇ ಒಡಂಬಡಿಕೆ ಮಾಡಿತು. ಅದಕ್ಕಾಗಿ ಹೋರಾಡಿದವರಲ್ಲಿ ನಮ್ಮದೇ ದೇಶದ ಇಳಾ ಭಟ್ ಮತ್ತು ಅವರ 'ಸೇವಾ' ಸಂಘ ಮುಂದಿದ್ದರು. ಬೇರೆಯವರು ಹೇಳಿದ ಸರಕನ್ನು ಕೂಲಿಗಾಗಿ ಮನೆಯಲ್ಲಿ ತಯಾರಿಸುವವರು, ಸಲಕರಣೆ ಯಾರದ್ದೇ ಇರಲಿ, ಕಾರ್ಮಿಕರೇ ಅನ್ನುತ್ತೆ ಅದು. ಜೊತೆಗಿರುವ ಶಿಫಾರಸು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿದ್ಯುತ್ತಿನ ಖರ್ಚು, ಯಂತ್ರದ ದುರಸ್ತಿ, ಅದಕ್ಕೆ ಹಿಡಿದ ಸಮಯ ಎಲ್ಲದಕ್ಕೂ ಪರಿಹಾರ ಕೊಡಿ ಅನ್ನುತ್ತೆ. ನಮ್ಮ ಕಂಪನಿಗಳು ಇಂಟರ್ನೆಟ್ ಬಿಲ್ಲು, ಕುರ್ಚಿಗೆ ದುಡ್ಡು ಕೊಟ್ಟವಲ್ಲ, ಆ ವಿಚಾರ ಇಲ್ಲಿ 1996ರಲ್ಲೇ ಇತ್ತು. ಆದರೆ ಇದನ್ನು ಅನುಮೋದಿಸಿದ ದೇಶಗಳು ಇಪ್ಪತ್ತೂ ಇಲ್ಲ. ಭಾರತವೂ ಅನುಮೋದಿಸಿಲ್ಲ.

ಐಎಲ್‌ಒ ಸುಧಾರಣೆ ಅಂದಕೂಡಲೇ ಚರ್ಚೆ ಹೋಗೋದು ಬಜೆಟ್ ಕಡೆಗೆ, ಜಿನೀವಾದ ಹುದ್ದೆಗಳ ಕಡೆಗೆ, ಹಳೇ ಒಡಂಬಡಿಕೆಗಳನ್ನು ಕಿತ್ತುಹಾಕುವ ಕಡೆಗೆ. ಕಿತ್ತುಹಾಕಲು ಅಧಿಕಾರ ಕೊಡುವ ತಿದ್ದುಪಡಿ 1997ರಲ್ಲಿ ಪಾಸಾಗಿ, ಜಾರಿಗೆ ಬಂದಿದ್ದು 2015ರಲ್ಲಿ. ಆಡಳಿತ ಮಂಡಳಿಯಲ್ಲಿ ಹತ್ತು ದೊಡ್ಡ ಕೈಗಾರಿಕಾ ದೇಶಗಳಿಗಿರುವ ಕಾಯಂ ಕುರ್ಚಿ ತೆಗೆಯುವ 1986ರ ತಿದ್ದುಪಡಿ ಇನ್ನೂ ಜಾರಿಯಾಗಿಲ್ಲ. ಆ ಹತ್ತರಲ್ಲಿ ಭಾರತವೂ ಒಂದು. ಇದನ್ನೆಲ್ಲ ನೋಡಿದರೆ 'ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಒಪ್ಪೋದೇ ತಡ, ಇದನ್ನು ಬಿಟ್ಟುಬಿಡಿ' ಅನ್ನೋ ವಾದ ಯಾರಿಗಾದರೂ ಸರಿ ಅನ್ನಿಸಬಹುದು. ನಾನು ಒಪ್ಪಲ್ಲ. ಕಾರ್ಮಿಕರಿಗೆ ಮತ ಇರೋದೇ ಆ ಸಂಸ್ಥೆಯ ಬಂಡವಾಳ. ತೊಂದರೆ ಏನಂದ್ರೆ, ಆ ಮತ ಹೋಗೋದು ದೇಶದ ದೊಡ್ಡ ಸಂಘಟನೆಗಳು ಕಳಿಸಿದ ಪ್ರತಿನಿಧಿಗೆ. ಮನೆಮನೆಯಲ್ಲಿ ಒಂಟಿಯಾಗಿ ಕೂತ ನೇಕಾರರಲ್ಲಿ ಬಹಳ ಮಂದಿ ಅಂಥ ಯಾವ ಸಂಘದಲ್ಲೂ ಇಲ್ಲ.

ಹೊಸ ಒಡಂಬಡಿಕೆ ಬಿಡಿ, ಹಳೆಯದನ್ನೇ ನೋಡಿ. ಕನಿಷ್ಠ ಕೂಲಿ ಗೊತ್ತುಮಾಡುವ 1928ರ 26ನೇ ಒಡಂಬಡಿಕೆ ಮನೆಯಲ್ಲಿ ನಡೆಯುವ ಕಸುಬುಗಳನ್ನು ಹೆಸರಿಟ್ಟೇ ಹೇಳುತ್ತೆ. ಭಾರತ ಅದನ್ನು 1955ರಲ್ಲಿ ಅನುಮೋದಿಸಿದೆ. ಪಾಲನೆಯ ವರದಿ ಬರೆಯೋದು ದೆಹಲಿ, ಓದೋದು ಜಿನೀವಾ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕೋಡ್ ಬರೆದವರೇ ಟೆಸ್ಟ್ ಮಾಡಿ 'ಪಾಸ್' ಅಂತ ಟಿಕೆಟ್ ಮುಚ್ಚಿದ ಹಾಗೆ. ಕಾರ್ಮಿಕ ಸಂಘಗಳು ಆಕ್ಷೇಪ ಕಳಿಸಬಹುದು, ನಿಜ. ಆದರೆ ಒಬ್ಬೊಂಟಿ ನೇಕಾರರು ದೂರು ಕೊಡೋ ಹಾಗಿಲ್ಲ, ಸಂಘವೇ ಕೊಡಬೇಕು. ಇತ್ತ ಮೂವರನ್ನೂ ಕೂರಿಸಬೇಕಾದ ನಮ್ಮದೇ ಭಾರತೀಯ ಕಾರ್ಮಿಕ ಸಮ್ಮೇಳನದ 46ನೇ ಅಧಿವೇಶನ ನಡೆದದ್ದು 2015ರ ಜುಲೈನಲ್ಲಿ. ಅದಾಗಿ ದಶಕವೇ ಕಳೆಯಿತು.

ಹಾಗಾದರೆ ಐಎಲ್‌ಒ ದಂಡವೇ? ಚಳ್ಳಕೆರೆಗೆ ಬನ್ನಿ. ಶೇಂಗಾ, ಎಣ್ಣೆ ಮಿಲ್ಲುಗಳ ಊರು. ಇಲ್ಲಿನ ವ್ಯಾಪಾರ ನಿಂತಿರೋದು ಹಮಾಲರ ಬೆನ್ನ ಮೇಲೆ. ಹೊರೆಯ ಬಗ್ಗೆ 1967ರ 127ನೇ ಒಡಂಬಡಿಕೆಯನ್ನು ಭಾರತ 2010ರಲ್ಲಿ ಅನುಮೋದಿಸಿತು. ಅದರ ಜೊತೆಗಿನ ಶಿಫಾರಸು ಒಂದು ಅಂಕಿ ಕೊಡುತ್ತೆ: ವಯಸ್ಕ ಗಂಡಸು ಹೊರುವ ಚೀಲ 55 ಕೆ.ಜಿ. ಮೀರಬಾರದು. ಇದಕ್ಕೆ ತಜ್ಞರು ಬೇಕಿಲ್ಲ, ಮಂಡಿಯ ತಕ್ಕಡಿ ಸಾಕು. ಚೀಲ ಹೊರುವವರೇ ತೂಗಿ ನೋಡಿ ವಾದ ಮಾಡಬಹುದು. ನೇಕಾರರ ಒಡಂಬಡಿಕೆಯಲ್ಲಿರೋದು 'ಇತರ ಕೂಲಿಗಾರರಿಗೆ ಸಮಾನವಾದ ಸ್ಥಾನಮಾನ' ಅನ್ನೋ ಮಾತು. ಮಾತು ದೊಡ್ಡದೇ, ಆದರೆ ಅದನ್ನು ತೂಗುವ ತಕ್ಕಡಿ ಮೊಳಕಾಲ್ಮೂರಿನಲ್ಲಿಲ್ಲ.

ದಕ್ಷತೆಯನ್ನು ನಾನು ಅಳೆಯೋದು ಹೀಗೆ: ನಿಯಮವನ್ನು ಅದರ ಹಕ್ಕುದಾರರೇ ಪರೀಕ್ಷಿಸೋಕೆ ಆಗಬೇಕು. ಐಎಲ್‌ಒ ಮೂರು ಕೆಲಸ ಮಾಡಲಿ. ಒಂದು, ಸರ್ಕಾರದ ವರದಿಯ ಜೊತೆ ಕೆಲವು ತಾಲ್ಲೂಕುಗಳ ಮಾದರಿ ತನಿಖೆ ಕೇಳಲಿ, ಅದು ಅಲ್ಲಿನ ಭಾಷೆಯಲ್ಲಿ ಪ್ರಕಟವಾಗಲಿ. ಎರಡು, ಮನೆಗೆಲಸಗಾರರ ಸಣ್ಣ ಸಂಘಗಳಿಗೂ ಸಹಕಾರ ಸಂಘಗಳಿಗೂ ಕಾರ್ಮಿಕರ ಬೆಂಚಿನಲ್ಲಿ ಜಾಗ ಬಿಡಲಿ. ಮೂರು, ಸೀರೆಗೊಂದು ಚೀಟಿ ಬರೆಸಲಿ: ಒಂದು ಸೀರೆಗೆ ಎಷ್ಟು ಗಂಟೆ, ಎಷ್ಟು ಕೂಲಿ, ಮಗ್ಗದ ಖರ್ಚು ಎಷ್ಟು, ಕಂಡಿಕೆ ಸುತ್ತಿದ್ದಕ್ಕೆ ಎಷ್ಟು.

ಕೂಲಿ ಏರಿದರೆ ಸಾವ್ಕಾರರು ಪವರ್‌ಲೂಮ್ ಸೀರೆಗೆ ಹೋಗ್ತಾರೆ ಅನ್ನೋ ಭಯ ಸುಳ್ಳಲ್ಲ. ಆದರೆ ಮೊಳಕಾಲ್ಮೂರು ಸೀರೆಗೆ ಜಿಐ ಮಾನ್ಯತೆ ಇದೆ. ಹೆಸರಿಗೆ ರಕ್ಷಣೆ ಕೊಟ್ಟ ಕಾನೂನಿನ ಪಕ್ಕದಲ್ಲಿ ನೇಯ್ದವರ ಕೂಲಿಯ ಚೀಟಿಗೂ ಜಾಗ ಇರಬೇಕು. ಮುಂದಿನ ಸಲ ಸೀರೆ ಕೊಳ್ಳುವಾಗ ಜಿಐ ಗುರುತಿನ ಜೊತೆ ಆ ಚೀಟಿ ಎಲ್ಲಿ ಅಂತಲೂ ಕೇಳಿ. ಅಂಗಡಿಯವರು ಮುಖ ಮುಖ ನೋಡ್ಕೋತಾರೆ. ನೋಡ್ಕೊಳ್ಳಲಿ, ಕೇಳೋದನ್ನು ಬಿಡಬೇಡಿ.