ಕ್ಯಾಲೆಂಡರಿನ ಕೊಬ್ಬರಿ

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಕ್ಯಾಲೆಂಡರಿಗೆ ನನ್ನ ಹಳೆಯ ವಿದ್ಯಾರ್ಥಿ ಫೋಟೋ ತೆಗೆಯುವುದನ್ನು ನೋಡಲು ಹೋಗಿದ್ದೆ. ಕಿಟಕಿಯ ಬೆಳಕಿಗೆ ಎದುರಾಗಿ ಬಿಳಿ ಥರ್ಮಾಕೋಲ್ ಹಲಗೆ ಇಟ್ಟೊಡನೆ ನೆರಳು ತಿಳಿಯಾಯಿತು. ಜಾಣತನವೇ ಸರಿ. ಆದರೆ ಬುಟ್ಟಿಯಲ್ಲಿದ್ದದ್ದು ಆಗತಾನೇ ಒಡೆದ ಹಸಿಕಾಯಿ! ಮೇಲೆ ನೀರಹನಿ, ಜಾರದಿರಲೆಂದು ಗ್ಲಿಸರಿನ್ ಬೆರೆಸಿದ್ದನಂತೆ.

"ಉಂಡೆಕೊಬ್ಬರಿ ಎಲ್ಲಪ್ಪಾ?"

"ಅದು ಬರೀ ಸುಕ್ಕು ಮಿಸ್, ಫೋಟೋದಲ್ಲಿ ಚೆನ್ನಾಗಿರಲ್ಲ."

8–10 ತಿಂಗಳು ಅಟ್ಟದಲ್ಲಿದ್ದು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಕಾಯಿ ಅದು. ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವ ಹೆಂಗಸರು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಎಷ್ಟಿಲ್ಲ! ಅವರ ಕೊಬ್ಬರಿಗೆ ತೇವ ತಗುಲಿದರೆ ಬೂಷ್ಟು ಹಿಡಿದು ಬೆಲೆ ಬೀಳುತ್ತದೆ. ಚಿತ್ರದಲ್ಲೋ ಅದೇ ತೇವಕ್ಕೆ ಮರ್ಯಾದೆ. ಆ ಕಂದು ಸುಕ್ಕನ್ನು ಓರೆ ಬೆಳಕಿನಲ್ಲಿ ಹಿಡಿದಿದ್ದರೆ ಚಿತ್ರಕ್ಕೊಂದು ತೂಕ ಬರುತ್ತಿತ್ತು.

ನಾಳೆ ನಮ್ಮ ಅಟ್ಟದ ಗಿಟುಕು ಕಳಿಸುತ್ತೇನೆ, ತೆಗೆದು ನೋಡು ಎಂದು ಹೇಳಿ ಬಂದಿದ್ದೇನೆ.